ಘಾಟಿ ಇಳಿಯುವಾಗ ಪೆಡಲ್ ಮೆತ್ತಗಾಯಿತು: ನಾಲ್ಕೂ ಚಕ್ರದ ಬ್ರೇಕ್ ಬದಲಿಸಬೇಕೇ?

ಪ್ರಶ್ನೆ: ನಮ್ಮದು ಕೊಡಗಿನ ನಾಪೋಕ್ಲು ಸಮೀಪದ ಹಳ್ಳಿ. 2016ರ ಮಾದರಿಯ ಸಣ್ಣ ಪೆಟ್ರೋಲ್ ಕಾರು ಇದೆ, 62,000 ಕಿಲೋಮೀಟರ್ ಓಡಿದೆ. ಮುಂದೆ ಡಿಸ್ಕ್, ಹಿಂದೆ ಡ್ರಮ್. ಮಗಳು ಮಂಗಳೂರಿನಲ್ಲಿ ಓದುತ್ತಿರುವುದರಿಂದ ತಿಂಗಳಿಗೊಮ್ಮೆಯಾದರೂ ಘಾಟಿ ಇಳಿಯಬೇಕು. ಮಳೆಗಾಲ ಶುರುವಾದಂದಿನಿಂದ ಬೆಳಿಗ್ಗೆ ಕಾರು ತೆಗೆದಾಗ ಬ್ರೇಕಿನಿಂದ ಕರಕರ ಸದ್ದು ಬರುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಒತ್ತಿದರೆ ಸ್ಟೀರಿಂಗ್ ನಡುಗುತ್ತದೆ. ಹ್ಯಾಂಡ್ ಬ್ರೇಕನ್ನು ಬಹಳ ಮೇಲಕ್ಕೆ ಎಳೆಯಬೇಕಾಗಿದೆ. ಕಳೆದ ಬಾರಿ ಐದು ಜನ ಲಗೇಜು ಸಮೇತ ಹೋಗುವಾಗ ಜೋಡುಪಾಲ ದಾಟಿದ ಮೇಲೆ ಸುಟ್ಟ ವಾಸನೆ ಬಂತು. ಸಂಪಾಜೆಯ ಹತ್ತಿರ ಪೆಡಲ್ ಮೆತ್ತಗಾಗಿ ಒಳಗೆ ಹೋಯಿತು. ಅರ್ಧ ಗಂಟೆ ನಿಲ್ಲಿಸಿ ನೋಡಿದರೆ ಮತ್ತೆ ಸರಿಯಾಗಿತ್ತು. ಒಂದು ಗ್ಯಾರೇಜಿನವರು ಡಿಸ್ಕ್, ಡ್ರಮ್ ಸಮೇತ ನಾಲ್ಕೂ ಚಕ್ರದ್ದು ಬದಲಿಸಿ ಎನ್ನುತ್ತಾರೆ. ಇನ್ನೊಬ್ಬರು ಮುಂದಿನ ಪ್ಯಾಡ್ ಹಾಕಿದರೆ ಸಾಕು ಎನ್ನುತ್ತಾರೆ. ನಮ್ಮ ಭಾವನವರು ನ್ಯೂಟ್ರಲ್‌ನಲ್ಲಿ ಇಳಿದರೆ ಪೆಟ್ರೋಲ್ ಉಳಿಯುತ್ತದೆ, ಗಾಡಿಗೂ ಹಗುರ ಎಂದು ಹೇಳಿಕೊಟ್ಟಿದ್ದಾರೆ. ಪ್ಯಾಡ್ ನಾನೇ ಮನೆಯಲ್ಲಿ ಹಾಕಬಹುದೇ? ಯಾರ ಮಾತು ಕೇಳಲಿ?

ಉತ್ತರ: ನಿಮ್ಮ ಪತ್ರದಲ್ಲಿ ಐದು ದೂರುಗಳಿವೆ. ಅವೆಲ್ಲ ಒಂದೇ ಕಾಯಿಲೆಯ ಲಕ್ಷಣಗಳಲ್ಲ. ಬೆಳಗಿನ ಕರಕರ ಸದ್ದಿಗೆ ಅಷ್ಟು ಹೆದರಬೇಕಾಗಿಲ್ಲ. ಸಂಪಾಜೆಯಲ್ಲಿ ಪೆಡಲ್ ಒಳಗೆ ಹೋದದ್ದು ಮಾತ್ರ ನಿಜವಾದ ಅಪಾಯ. ವಿಚಿತ್ರವೆಂದರೆ ಇಬ್ಬರು ಗ್ಯಾರೇಜಿನವರ ಸಲಹೆಯಲ್ಲೂ ಅದಕ್ಕೆ ನೇರವಾದ ಔಷಧವಿಲ್ಲ. ನಾಲ್ಕೂ ಚಕ್ರಕ್ಕೆ ಹೊಸ ಸಾಮಾನು ಹಾಕಿಸಿ, ಹಳೆಯ ಬ್ರೇಕ್ ಆಯಿಲನ್ನು ಹಾಗೆಯೇ ಬಿಟ್ಟರೆ ಮುಂದಿನ ತಿಂಗಳು ಅದೇ ತಿರುವಿನಲ್ಲಿ ಅದೇ ಪೆಡಲ್ ಮತ್ತೆ ಒಳಗೆ ಹೋಗಬಹುದು. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಘಾಟಿಯಲ್ಲಿ ಬ್ರೇಕ್ ಕೈಕೊಡುವುದು ಎರಡು ಬಗೆಯಲ್ಲಿ. ಒಂದರಲ್ಲಿ ಪೆಡಲ್ ಕಲ್ಲಿನಂತೆ ಗಟ್ಟಿಯಾಗಿಯೇ ಇರುತ್ತದೆ, ಎಷ್ಟು ಒತ್ತಿದರೂ ಕಾರು ಮಾತ್ರ ನಿಲ್ಲುವುದಿಲ್ಲ. ಡಿಸ್ಕನ್ನು ಹಿಡಿದು ಉಜ್ಜುವ ಪ್ಯಾಡ್ ಮಿತಿಮೀರಿ ಕಾದು ಹಿಡಿತ ಕಳೆದುಕೊಂಡಾಗ ಹೀಗಾಗುತ್ತದೆ. ಇನ್ನೊಂದರಲ್ಲಿ ಪೆಡಲ್ ಸ್ಪಂಜಿನಂತೆ ಮೆತ್ತಗಾಗಿ ನೆಲದ ಕಡೆಗೆ ಇಳಿಯುತ್ತದೆ, ತಣ್ಣಗಾದ ಮೇಲೆ ಏನೂ ಆಗಿಲ್ಲವೆಂಬಂತೆ ಸರಿಹೋಗುತ್ತದೆ. ನಿಮಗೆ ಆದದ್ದು ಈ ಎರಡನೆಯದು. ಬ್ರೇಕ್ ಆಯಿಲ್ ಕುದಿದಿದೆ. ನಿಮ್ಮ ಕಾಲಿನ ಒತ್ತಡವನ್ನು ಚಕ್ರಕ್ಕೆ ಮುಟ್ಟಿಸುವುದು ಆ ದ್ರವ. ದ್ರವವನ್ನು ಅದುಮಿದರೆ ಅದು ಕುಗ್ಗುವುದಿಲ್ಲ, ಆದ್ದರಿಂದಲೇ ಬ್ರೇಕ್ ಹಿಡಿಯುತ್ತದೆ. ಕುದಿದು ಆವಿಯ ಗುಳ್ಳೆಗಳೆದ್ದರೆ ಗುಳ್ಳೆ ಕುಗ್ಗುತ್ತದೆ, ನಿಮ್ಮ ಒತ್ತಡವೆಲ್ಲ ಅದರಲ್ಲೇ ಕರಗಿಹೋಗುತ್ತದೆ.

ಬ್ರೇಕ್ ಆಯಿಲ್ ಅಷ್ಟು ಸುಲಭವಾಗಿ ಕುದಿಯುವುದಿಲ್ಲ. ಡಾಟ್ ಎಂಬುದು ಬ್ರೇಕ್ ಆಯಿಲಿನ ದರ್ಜೆ. ಹೊಸ ಡಾಟ್ 3 ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ತಾಳಬೇಕೆಂಬ ನಿಯಮವಿದೆ, ಡಾಟ್ 4 ಆದರೆ 230 ಡಿಗ್ರಿ. ಆದರೆ ಈ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ರಬ್ಬರ್ ಹೋಸಿನ ಮೂಲಕ, ಟ್ಯಾಂಕಿನ ಮುಚ್ಚಳದ ಮೂಲಕ ದಿನವೂ ಇಷ್ಟಿಷ್ಟೇ ತೇವ ಒಳಸೇರುತ್ತಿರುತ್ತದೆ. ನೂರಕ್ಕೆ ಮೂರೂವರೆ ನಾಲ್ಕು ಪಾಲು ನೀರು ಸೇರಿದ ಡಾಟ್ 3ಕ್ಕೆ ಕೊಡುವ ಅಂಕಿ ಬರೀ 140 ಡಿಗ್ರಿ. ಡಾಟ್ 4ಕ್ಕೆ 155. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಗೆದ ಬಟ್ಟೆಯೇ ಒಣಗದ, ಬೀರುವಿನೊಳಗಿನ ಚರ್ಮದ ಚಪ್ಪಲಿಗೂ ಬೂಸ್ಟು ಹಿಡಿಯುವ ನಮ್ಮ ಊರಿನಲ್ಲಿ ಈ ಆಯಿಲ್ ಬಯಲುಸೀಮೆಯಲ್ಲಿ ಉಳಿದಷ್ಟು ದಿನ ಒಣಗಿ ಉಳಿಯುತ್ತದೆಂದು ನಿರೀಕ್ಷಿಸುವಂತಿಲ್ಲ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಿಸಬೇಕೆನ್ನುತ್ತಾರೆ. ಕೊಡಗಿನವರು ಆ ಲೆಕ್ಕವನ್ನು ಒಂದು ದಿನವೂ ಹಿಂದಕ್ಕೆ ತಳ್ಳಬಾರದೆಂಬುದು ನನ್ನ ಅಭಿಪ್ರಾಯ. ನಿಮ್ಮ ಪತ್ರದಲ್ಲಿ ಆಯಿಲ್ ಬದಲಿಸಿದ ಪ್ರಸ್ತಾಪವೇ ಇಲ್ಲದಿರುವುದನ್ನು ನೋಡಿದರೆ ಕಾರು ಷೋರೂಮಿನಿಂದ ಬಂದಾಗಿನ ಆಯಿಲೇ ಇನ್ನೂ ಅದರಲ್ಲಿರುವಂತೆ ಕಾಣುತ್ತದೆ.

ಸರ್ವಿಸ್‌ ಬಿಲ್ಲಿನಲ್ಲಿ ‘ಬ್ರೇಕ್ ಆಯಿಲ್ ಟಾಪ್ ಅಪ್’ ಎಂದಿದ್ದರೆ ಅದು ಬದಲಿಸಿದಂತಲ್ಲ. ಪ್ಯಾಡ್ ಸವೆದಷ್ಟೂ ಟ್ಯಾಂಕಿನಲ್ಲಿ ಆಯಿಲ್ ಮಟ್ಟ ತಾನಾಗಿ ಇಳಿಯುತ್ತದೆ, ಏಕೆಂದರೆ ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಪಿಸ್ಟನ್ ಹೊರಕ್ಕೆ ಬಂದಷ್ಟು ಜಾಗವನ್ನು ಆಯಿಲ್ ತುಂಬಬೇಕು. ಇಳಿದ ಮಟ್ಟವೇ ‘ಪ್ಯಾಡ್ ನೋಡಿ’ ಎಂಬ ಸೂಚನೆ. ಅದನ್ನು ನೋಡದೆ ಮೇಲಿಂದ ಸುರಿಯುತ್ತಾ ಹೋದರೆ ಆ ಸೂಚನೆಯೂ ಮುಚ್ಚಿಹೋಗುತ್ತದೆ, ಹೊಸ ಪ್ಯಾಡ್ ಹಾಕುವ ದಿನ ಪಿಸ್ಟನ್ ಹಿಂದಕ್ಕೆ ಒತ್ತಿದಾಗ ಆಯಿಲ್ ಉಕ್ಕಿ ಹೊರಗೆ ಚೆಲ್ಲುತ್ತದೆ. ಬಣ್ಣದ ಮೇಲೆ ಬಿದ್ದರೆ ಬಣ್ಣವೂ ಏಳುತ್ತದೆ. ಚೆಲ್ಲಿದ ತಕ್ಷಣ ನೀರು ಹಾಕಿ ತೊಳೆಯಬೇಕು. ಪ್ಯಾಡ್ ಸವೆಯದೆ ಆಯಿಲ್ ಮಾತ್ರ ಇಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆಯೆಂದೇ ಅರ್ಥ. ಆಗ ಗಾಡಿಯನ್ನು ಘಾಟಿಗೆ ತೆಗೆದುಕೊಂಡು ಹೋಗುವ ಮಾತೇ ಇಲ್ಲ.

ಇಷ್ಟೊಂದು ಬಿಸಿ ಬಂದದ್ದಾದರೂ ಎಲ್ಲಿಂದ ಎಂದು ನೀವು ಕೇಳಬಹುದು. ಮಡಿಕೇರಿ ಇರುವುದು ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿ. ನಿಮ್ಮ ಕಾರು, ಐದು ಜನ, ಲಗೇಜು ಎಲ್ಲ ಸೇರಿ 1,250 ಕಿಲೋ ಎಂದಿಟ್ಟುಕೊಂಡು, 800 ಮೀಟರ್ ಇಳಿದರೆ ಹೊಮ್ಮುವ ಶಕ್ತಿಯನ್ನು ಲೆಕ್ಕ ಹಾಕಿ. ಸುಮಾರು 30 ಲೀಟರ್ ತಣ್ಣೀರನ್ನು, ಅಂದರೆ ಬಚ್ಚಲಿನ ಒಂದು ದೊಡ್ಡ ಹಂಡೆಯನ್ನು ಕುದಿಸಲು ಅದು ಸಾಕು. ಗಾಳಿ, ಟೈರು, ಎಂಜಿನ್ ಅದರಲ್ಲಿ ತಮ್ಮ ಪಾಲನ್ನು ತೆಗೆದುಕೊಳ್ಳುತ್ತವೆ. ಉಳಿದದ್ದೆಲ್ಲ ಬ್ರೇಕಿಗೆ. ಸಣ್ಣ ಕಾರಿನಲ್ಲಿ ಅದರ ಬಹುಪಾಲನ್ನು ಮುಂದಿನ ಎರಡು ಡಿಸ್ಕ್‌ಗಳೇ ಹೊರಬೇಕು, ಏಕೆಂದರೆ ಬ್ರೇಕ್ ಹಿಡಿದಾಗ, ಅದರಲ್ಲೂ ಇಳಿಜಾರಿನಲ್ಲಿ, ಗಾಡಿಯ ತೂಕ ಮುಂದಕ್ಕೆ ವಾಲುತ್ತದೆ.

ಎಂಜಿನ್ನಿನ ಪಾಲನ್ನು ಹೆಚ್ಚಿಸುವುದು ನಿಮ್ಮ ಕೈಯಲ್ಲೇ ಇದೆ. ಇಲ್ಲಿ ನಿಮ್ಮ ಭಾವನವರ ಸಲಹೆಗೆ ಬರಬೇಕಾಗುತ್ತದೆ, ಅವರ ಮೇಲಿನ ಗೌರವ ಇಟ್ಟುಕೊಂಡೇ ಹೇಳುತ್ತೇನೆ: ಅದು ಕಾರ್ಬುರೇಟರ್ ಕಾಲದ ಮಾತು. ಆ ಕಾಲಕ್ಕೂ ಅಪಾಯಕಾರಿಯೇ ಆಗಿತ್ತು. ನಿಮ್ಮ ಕಾರಿನಂಥ ಇಂಜೆಕ್ಷನ್ ಗಾಡಿಯಲ್ಲಿ ಗೇರಿನಲ್ಲಿಟ್ಟು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಚಕ್ರವೇ ಎಂಜಿನ್ನನ್ನು ತಿರುಗಿಸುತ್ತದೆ, ಕಂಪ್ಯೂಟರ್ ಪೆಟ್ರೋಲನ್ನು ಪೂರ್ತಿ ನಿಲ್ಲಿಸಿಬಿಡುತ್ತದೆ. ನ್ಯೂಟ್ರಲ್‌ಗೆ ಹಾಕಿದರೆ ಎಂಜಿನ್ ಆರಿಹೋಗದಂತೆ ಅದು ಪೆಟ್ರೋಲ್ ಕೊಡಲೇಬೇಕು. ಅಂದರೆ ಉಳಿತಾಯವೂ ಇಲ್ಲ, ಇಡೀ ಗಾಡಿಯ ಭಾರ ಬ್ರೇಕಿನ ಮೇಲೆ. ಕೀ ತಿರುಗಿಸಿ ಎಂಜಿನ್ನನ್ನೇ ಆರಿಸಿ ಇಳಿಯುವವರೂ ಇದ್ದಾರೆ. ಹಾಗೆ ಮಾಡಿದರೆ ಕಾಲಿನ ಒತ್ತಡವನ್ನು ಹೆಚ್ಚಿಸಿಕೊಡುವ ಬ್ರೇಕ್ ಬೂಸ್ಟರಿನಲ್ಲಿ ಉಳಿದ ನಿರ್ವಾತ ಎರಡು ಮೂರು ಸಲ ಒತ್ತುವಷ್ಟರಲ್ಲಿ ಮುಗಿದುಹೋಗುತ್ತದೆ, ಆಮೇಲೆ ಪೆಡಲ್ ಕಲ್ಲಿನಂತಾಗಿ, ಬಹಳ ಬಲ ಹಾಕಿ ಒತ್ತಿದರೆ ಮಾತ್ರ ಗಾಡಿಯ ವೇಗ ತಗ್ಗುತ್ತದೆ.

ತಾಳತ್ತಮನೆ ಕಳೆದ ಮೇಲೆ ಕಡಿದಾದ ತುಂಡುಗಳಲ್ಲಿ ಎರಡನೇ ಗೇರು, ಸ್ವಲ್ಪ ಸಡಿಲ ಇರುವಲ್ಲಿ ಮೂರನೇ ಗೇರು. ಹತ್ತುವಾಗ ಯಾವ ಗೇರು ಬೇಕಾಗುತ್ತದೋ ಇಳಿಯುವಾಗಲೂ ಅದೇ ಗೇರು ಎಂಬ ಹಳೆಯ ಲಾರಿ ಚಾಲಕರ ಲೆಕ್ಕ ಇವತ್ತಿಗೂ ಸರಿ. ಎಂಜಿನ್ ಸ್ವಲ್ಪ ಜೋರಾಗಿ ಕೂಗುತ್ತದೆ, ಕೂಗಲಿ. ಬ್ರೇಕಿನ ಮೇಲೆ ಕಾಲನ್ನು ಸುಮ್ಮನೆ ಇಟ್ಟುಕೊಂಡು ಇಳಿಯಬಾರದು. ವೇಗ ಹೆಚ್ಚಿದಾಗ ಒಮ್ಮೆ ಗಟ್ಟಿಯಾಗಿ ಒತ್ತಿ, ತಗ್ಗಿಸಿ, ಪೂರ್ತಿ ಬಿಡಬೇಕು. ಆ ಬಿಟ್ಟ ಹೊತ್ತಿನಲ್ಲೇ ಡಿಸ್ಕಿಗೆ ಗಾಳಿ ಸಿಗುವುದು.

ಸುಟ್ಟ ವಾಸನೆ ಬಂದರೆ ನಿಲ್ಲಿಸಲೇಬೇಕು, ಆದರೆ ಕಂಡಲ್ಲಿ ಅಲ್ಲ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡು ಕಡೆ ಗುಡ್ಡ ಕುಸಿದದ್ದು ನಿಮಗೆ ನೆನಪಿರುತ್ತದೆ. ಮಳೆಯಲ್ಲಿ ರಸ್ತೆಗಾಗಿ ಕಡಿದ ಗುಡ್ಡದ ಬರೆಯ ಬುಡದಲ್ಲಿ ಕಾರು ನಿಲ್ಲಿಸಿ ಕೂರಬಾರದು, ತಿರುವಿನಲ್ಲಂತೂ ಬೇಡವೇ ಬೇಡ. ಅಗಲ ಜಾಗ ಸಿಗುವವರೆಗೆ ಮೊದಲನೇ ಗೇರಿನಲ್ಲಿ ಮೆಲ್ಲನೆ ಇಳಿಯಿರಿ. ನಿಲ್ಲಿಸಿದ ಮೇಲೆ ಗೇರಿನಲ್ಲೇ ಬಿಟ್ಟು ಟೈರಿಗೆ ಕಲ್ಲು ಕೊಡಿ. ಕಾದ ಡ್ರಮ್ಮಿಗೆ ಹ್ಯಾಂಡ್ ಬ್ರೇಕ್ ಎಳೆಯುವುದೂ ಬೇಡ, ಪೆಡಲ್ ಒತ್ತಿಕೊಂಡೇ ಕೂರುವುದೂ ಬೇಡ. ಹೊಳೆಯ ನೀರು ತಂದು ಚಕ್ರಕ್ಕೆ ಎರಚುವವರಿದ್ದಾರೆ. ಕೆಂಡದಂತೆ ಕಾದ ಎರಕದ ಕಬ್ಬಿಣದ ಡಿಸ್ಕಿಗೆ ತಣ್ಣೀರು ಬಿದ್ದರೆ ಅದು ಸೊಟ್ಟಗಾಗಬಹುದು, ಸೀಳಲೂಬಹುದು.

ಇನ್ನು ಉಳಿದ ದೂರುಗಳು. ಬೆಳಗಿನ ಸದ್ದು ಡಿಸ್ಕಿನ ಮೇಲೆ ರಾತ್ರಿ ಹಿಡಿದ ತುಕ್ಕಿನದು. ಎರಕದ ಕಬ್ಬಿಣಕ್ಕೆ ಮಂಜು, ಮಳೆ ತಾಗಿದರೆ ಒಂದೇ ರಾತ್ರಿಯಲ್ಲಿ ಕೇಸರಿ ಬಣ್ಣದ ತೆಳು ಪದರ ಬರುತ್ತದೆ. ನಾಲ್ಕೈದು ಸಲ ಬ್ರೇಕ್ ಹಿಡಿದರೆ ಪ್ಯಾಡೇ ಅದನ್ನು ಉಜ್ಜಿ ತೆಗೆಯುತ್ತದೆ. ಮೂರ್ನಾಡು ತಲುಪುವ ಹೊತ್ತಿಗೂ ಸದ್ದು ನಿಲ್ಲದಿದ್ದರೆ, ಅಥವಾ ಅದು ಕೀರಲು ದನಿಯಾಗಿದ್ದರೆ, ಅದು ಬೇರೆ. ಹಲವು ಪ್ಯಾಡ್‌ಗಳಿಗೆ ಸಣ್ಣ ಉಕ್ಕಿನ ಪಟ್ಟಿಯೊಂದನ್ನು ಜೋಡಿಸಿರುತ್ತಾರೆ. ಪ್ಯಾಡ್ ಸವೆದಾಗ ಆ ಪಟ್ಟಿ ಡಿಸ್ಕಿಗೆ ತಾಗಿ ಕಿರುಚುತ್ತದೆ.

ಸ್ಟೀರಿಂಗ್ ನಡುಗುವುದು ಮುಂದಿನ ಡಿಸ್ಕಿನ ದೂರು. ಡಿಸ್ಕ್ ಸೊಟ್ಟಗಾಗಿದೆ ಎಂದು ಎಲ್ಲರೂ ಹೇಳುತ್ತಾರೆ. ಬಹಳ ಸಲ ಅದು ಸೊಟ್ಟಗಾಗಿರುವುದಿಲ್ಲ. ಕಾದ ಪ್ಯಾಡನ್ನು ಒಂದೇ ಜಾಗದಲ್ಲಿ ಒತ್ತಿ ನಿಲ್ಲಿಸಿದ್ದರಿಂದ ಅದರ ಪುಡಿ ಅಲ್ಲಲ್ಲಿ ಅಂಟಿ, ಸವೆತ ಏರುಪೇರಾಗಿ, ದಪ್ಪದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಬಂದಿರುತ್ತದೆ. ಅಷ್ಟೇ ಸಾಕು ನಡುಕಕ್ಕೆ. ಸ್ಟೀರಿಂಗ್ ಸುಮ್ಮನಿದ್ದು ಪೆಡಲ್ ಮಾತ್ರ ಮಿಡಿಯುತ್ತಿದ್ದರೆ ಹಿಂದಿನ ಡ್ರಮ್ ನೋಡಬೇಕು. ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಪೂರ್ತಿ ಬಿಗಿದು ಜಾರದಂತೆ ತಡೆಯುವ ವ್ಯವಸ್ಥೆ) ಇರುವ ಗಾಡಿಯಲ್ಲಿ ಜಾರುವ ರಸ್ತೆಯಲ್ಲಿ ಜೋರಾಗಿ ಒತ್ತಿದಾಗ ಪೆಡಲ್ ಕಾಲಿಗೆ ಟಕಟಕ ಎಂದು ಹೊಡೆಯುವುದು ದೋಷವಲ್ಲ, ಆಗ ಕಾಲು ತೆಗೆಯಬಾರದು.

ಹಾಗಾದರೆ ಏನೇನು ಬದಲಿಸಬೇಕು? ಅಳೆಯದೆ ‘ಎಲ್ಲ ಬದಲಿಸಿ’ ಎಂದವರೂ ‘ಪ್ಯಾಡ್ ಸಾಕು’ ಎಂದವರೂ ನನ್ನ ದೃಷ್ಟಿಯಲ್ಲಿ ಒಂದೇ. ನಾಲ್ಕೂ ಚಕ್ರ ಬಿಚ್ಚಿಸಿ, ನೀವು ಪಕ್ಕದಲ್ಲಿ ನಿಂತು ನೋಡಿ. ಮುಂದಿನ ಪ್ಯಾಡಿನಲ್ಲಿ ಉಕ್ಕಿನ ತಟ್ಟೆಯನ್ನು ಬಿಟ್ಟು ಉಜ್ಜುವ ಭಾಗ ಮೂರು ಮಿಲಿಮೀಟರಿಗೆ ಬಂದಿದ್ದರೆ ಬದಲಿಸುವ ಕಾಲ ಬಂದಿದೆ. ಬಯಲುಸೀಮೆಯವರು ಎರಡರವರೆಗೆ ಎಳೆಯಬಹುದು. ನಮ್ಮಲ್ಲಿ ಬೇಡ, ತೆಳುವಾದ ಪ್ಯಾಡ್ ಬಿಸಿಯನ್ನು ಬೇಗ ಪಿಸ್ಟನ್ನಿಗೆ, ಅಲ್ಲಿಂದ ಆಯಿಲಿಗೆ ದಾಟಿಸುತ್ತದೆ. ಎಡ ಬಲ ಎರಡೂ ಚಕ್ರದ್ದನ್ನು ಒಟ್ಟಿಗೇ ಹಾಕಬೇಕು, ಒಂದೇ ಕಡೆ ಹಾಕಿದರೆ ಗಾಡಿ ಪಕ್ಕಕ್ಕೆ ಎಳೆಯುತ್ತದೆ. ಡಿಸ್ಕಿನ ಕನಿಷ್ಠ ದಪ್ಪ ಎಷ್ಟಿರಬೇಕೆಂದು ಸಾಮಾನ್ಯವಾಗಿ ಅದರ ಮೇಲೆಯೇ ಅಚ್ಚೊತ್ತಿರುತ್ತಾರೆ. ಮೈಕ್ರೋಮೀಟರ್ ಹಿಡಿದು ನಾಲ್ಕಾರು ಕಡೆ ಅಳೆದರೆ ವಾದಕ್ಕೆ ಜಾಗವೇ ಉಳಿಯುವುದಿಲ್ಲ. ಅಂಚಿನಲ್ಲಿ ಉಗುರಿಗೆ ಸಿಗುವ ಏಣು ಎದ್ದಿರುವುದು ಸವೆತದ ಗುರುತು ಹೌದು, ಆದರೆ ಅದೊಂದನ್ನೇ ತೋರಿಸಿ ಹೊಸ ಡಿಸ್ಕ್ ಮಾರುವವರ ಮಾತಿಗೆ ಬಲಿಯಾಗಬೇಡಿ.

ನಡುಕ ತೆಗೆಯಲು ಡಿಸ್ಕನ್ನು ಲೇತ್‌ನಲ್ಲಿ ಹೆರೆಸುವ ದಾರಿಯೂ ಇದೆ. ಅಗ್ಗವೂ ಹೌದು. ಹೆರೆದ ಮೇಲೂ ಕನಿಷ್ಠ ದಪ್ಪಕ್ಕಿಂತ ಸಾಕಷ್ಟು ಉಳಿಯುವುದಾದರೆ ತಪ್ಪಲ್ಲ. ಆದರೆ ಡಿಸ್ಕಿನ ಕೆಲಸ ಬಿಸಿಯನ್ನು ನುಂಗಿಕೊಳ್ಳುವುದು. ಅದರ ಮೈಯನ್ನೇ ಕಡಿಮೆ ಮಾಡಿದರೆ ಅದೇ ಇಳಿಜಾರಿನಲ್ಲಿ ಮೊದಲಿಗಿಂತ ಬೇಗ ಕಾಯುತ್ತದೆ. ಊರೊಳಗೆ ಓಡಾಡುವವರಿಗೆ ಹೆರೆಸಿ ಎನ್ನುತ್ತೇನೆ. ತಿಂಗಳು ತಿಂಗಳು ಕುಟುಂಬವನ್ನು ಕೂರಿಸಿಕೊಂಡು ಸಂಪಾಜೆಯಲ್ಲೋ ಮಾಕುಟ್ಟದಲ್ಲೋ ಇಳಿಯುವವರಿಗೆ ಹೊಸ ಜೋಡಿಯನ್ನೇ ಹಾಕಿಸಿ ಎನ್ನುತ್ತೇನೆ. ನಿಮ್ಮದು ಎರಡನೆಯ ಗುಂಪು.

ಪ್ಯಾಡಿಗಿಂತ ಹೆಚ್ಚು ಗಮನ ಕೊಡಬೇಕಾದದ್ದು ಕ್ಯಾಲಿಪರಿನ ಪಿನ್ನುಗಳಿಗೆ. ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಆಚೀಚೆ ಸರಿಯುತ್ತಾ ಒಳಗಿನ, ಹೊರಗಿನ ಎರಡೂ ಪ್ಯಾಡನ್ನು ಸಮನಾಗಿ ಒತ್ತಬೇಕು. ತೋಟದ ಕೆಸರು, ಮಳೆನೀರು ಸೇರಿ ಪಿನ್ ಬಿಗಿದರೆ ಒಳಗಿನ ಪ್ಯಾಡ್ ಒಂದೇ ದುಡಿದು ಸವೆಯುತ್ತದೆ, ಹೊರಗಿನದು ಹೊಸದರಂತೆಯೇ ಇರುತ್ತದೆ. ಚಕ್ರದ ಸಂದಿಯಿಂದ ಇಣುಕಿ ‘ಪ್ಯಾಡ್ ಇನ್ನೂ ಇದೆ’ ಎನ್ನುವವರಿಗೆ ಕಾಣುವುದು ಆ ಹೊರಗಿನದೇ. ಪ್ಯಾಡ್ ಸದಾ ಉಜ್ಜುತ್ತಿರುವುದರಿಂದ ಬ್ರೇಕ್ ಒತ್ತದಿದ್ದರೂ ಚಕ್ರ ಕಾಯುತ್ತದೆ. ನಿಮಗೆ ಬಂದ ವಾಸನೆಯಲ್ಲಿ ಇದರ ಪಾಲೂ ಇರಬಹುದು. ಪಿನ್ನನ್ನು ಹೊರತೆಗೆದು ಒರೆಸಿ ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸ್ ಹಚ್ಚಬೇಕು. ಚಕ್ರದ ಬೇರಿಂಗಿಗೆ ಹಾಕುವ ಗ್ರೀಸ್ ಹಚ್ಚಿದರೆ ರಬ್ಬರ್ ತೊಡಿಗೆ ಊದಿಕೊಂಡು ಪಿನ್ ಮೊದಲಿಗಿಂತ ಬಿಗಿಯುತ್ತದೆ. ಡೀಸೆಲ್ಲಿನಲ್ಲಿ ತೊಳೆಯುವ ಅಭ್ಯಾಸಕ್ಕೂ ಇದೇ ಆಕ್ಷೇಪ.

ಹಿಂದಿನ ಡ್ರಮ್ ವಿಷಯದಲ್ಲಿ ಅವಸರ ಬೇಡ. ಡ್ರಮ್ಮಿನ ಒಳಮೈಗೆ ಉಜ್ಜುವ ಹಿಂದಿನ ಶೂ ಮುಂದಿನ ಪ್ಯಾಡಿಗಿಂತ ಬಹಳ ಹೆಚ್ಚು ಬಾಳುತ್ತದೆ. 62,000 ಕಿಲೋಮೀಟರಿಗೆ ಇನ್ನೂ ಅದರ ಲೈನಿಂಗ್, ಅಂದರೆ ಉಜ್ಜುವ ಪದರ, ಉಳಿದಿದ್ದರೆ ಆಶ್ಚರ್ಯವಿಲ್ಲ. ಒಂದೂವರೆ ಮಿಲಿಮೀಟರಿಗಿಂತ ಕಡಿಮೆಯಿದ್ದರೆ, ಆಯಿಲ್ ಬಿದ್ದು ಕಪ್ಪಾಗಿದ್ದರೆ, ಬಿರುಕು ಬಿಟ್ಟಿದ್ದರೆ ಬದಲಿಸಿ. ಶೂಗಳನ್ನು ಡ್ರಮ್ಮಿಗೆ ಒತ್ತುವ ವೀಲ್ ಸಿಲಿಂಡರಿನ ರಬ್ಬರ್ ತೊಡಿಗೆಯನ್ನು ಸ್ವಲ್ಪ ಎತ್ತಿ ನೋಡಲು ಹೇಳಿ. ಒಳಗೆ ಹಸಿಯಾಗಿದ್ದರೆ ಸಿಲಿಂಡರ್ ಸೋರುತ್ತಿದೆ, ಹೊಸ ಶೂ ಹಾಕಿದರೂ ವಾರದಲ್ಲಿ ಹಾಳು. ಡ್ರಮ್ಮಿಗೂ ಗರಿಷ್ಠ ಒಳವ್ಯಾಸ ನಿಗದಿಯಾಗಿರುತ್ತದೆ, ಅದನ್ನು ಮೀರದಿದ್ದರೆ ಹಳೆಯ ಡ್ರಮ್ಮೇ ಸಾಕು. ಒಳಗಿನ ಪುಡಿಯನ್ನು ಗಾಳಿ ಹೊಡೆದು ಹಾರಿಸಲು ಬಿಡಬೇಡಿ, ಅದು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಲಿ.

ಹ್ಯಾಂಡ್ ಬ್ರೇಕ್ ಮೇಲಕ್ಕೆ ಬರುತ್ತಿರುವುದಕ್ಕೆ ಶೂ ಸವೆತಕ್ಕಿಂತ ಹೆಚ್ಚಾಗಿ ಒಳಗಿನ ಅಡ್ಜಸ್ಟರ್ ತುಕ್ಕು ಹಿಡಿದಿರುವುದು ಕಾರಣ ಎಂಬುದು ನನ್ನ ಊಹೆ. ನಮ್ಮ ಕಡೆಯ ಗಾಡಿಗಳಲ್ಲಿ ಇದನ್ನು ನೋಡಿ ನೋಡಿ ಸಾಕಾಗಿದೆ. ಶೂ ಸವೆದಂತೆಲ್ಲ ಅದು ತಾನಾಗಿ ಅಂತರವನ್ನು ತುಂಬಬೇಕು. ಬಿಗಿದುಕೊಂಡರೆ ತುಂಬುವುದಿಲ್ಲ. ಆಗ ಹಲವರು ಮಾಡುವ ಸುಲಭದ ಕೆಲಸ ಲಿವರಿನ ಬುಡದಲ್ಲಿ ಕೇಬಲ್ ಬಿಗಿ ಮಾಡುವುದು. ಲಿವರ್ ಗಟ್ಟಿಯಾಗುತ್ತದೆ, ಗಿರಾಕಿ ಖುಷಿಯಾಗುತ್ತಾರೆ, ಒಳಗಿನ ಅಡ್ಜಸ್ಟರ್ ಮಾತ್ರ ಶಾಶ್ವತವಾಗಿ ಕೆಲಸ ನಿಲ್ಲಿಸುತ್ತದೆ. ಮೊದಲು ಡ್ರಮ್ಮಿನೊಳಗೆ ಶೂ ಹೊಂದಿಸಬೇಕು, ಕೇಬಲ್ ಕೊನೆಗೆ. ಹಿಂದಿನ ಶೂ ಡ್ರಮ್ಮಿಗೆ ಹತ್ತಿರ ಬಂದರೆ ಪೆಡಲಿನ ಎತ್ತರವೂ ಸುಧಾರಿಸುತ್ತದೆ. ಮಳೆಗಾಲದಲ್ಲಿ ಕಾರನ್ನು ದಿನಗಟ್ಟಲೆ ನಿಲ್ಲಿಸುವಾಗ ಹ್ಯಾಂಡ್ ಬ್ರೇಕ್ ಎಳೆದಿಡಬೇಡಿ, ಶೂ ಡ್ರಮ್ಮಿಗೆ ತುಕ್ಕಿನಲ್ಲಿ ಅಂಟಿಕೊಳ್ಳುತ್ತದೆ. ಗೇರು ಮತ್ತು ಕಲ್ಲು ಸಾಕು.

ಒಟ್ಟಿನಲ್ಲಿ ನಾನಾಗಿದ್ದರೆ ಆಯಿಲನ್ನು ಪೂರ್ತಿ ಬದಲಿಸಿ, ಮುಂದಿನ ಪ್ಯಾಡ್ ಮತ್ತು ಡಿಸ್ಕ್ ಜೋಡಿ ಹಾಕಿ, ಪಿನ್ ಬಿಚ್ಚಿ ಗ್ರೀಸ್ ಹಚ್ಚಿ, ಹಿಂದಿನದನ್ನು ಬಿಚ್ಚಿ ಸ್ವಚ್ಛ ಮಾಡಿ ಹೊಂದಿಸುತ್ತಿದ್ದೆ. ಶೂ ಮತ್ತು ಸಿಲಿಂಡರನ್ನು ಕಣ್ಣಿಗೆ ಕಂಡದ್ದರ ಮೇಲೆ ತೀರ್ಮಾನಿಸುತ್ತಿದ್ದೆ. ಕೈ ಬಿಗಿ ಇದ್ದರೆ ಡಿಸ್ಕನ್ನು ಅಳತೆ ನೋಡಿ ಮುಂದೂಡಬಹುದು, ನಡುಕವನ್ನು ಸಹಿಸಿಕೊಳ್ಳಬೇಕಷ್ಟೆ. ಆಯಿಲನ್ನು ಮುಂದೂಡುವಂತಿಲ್ಲ. ಅದೇ ಎಲ್ಲದರಲ್ಲಿ ಅಗ್ಗದ್ದು.

ಆಯಿಲ್ ಹಾಕಿಸುವಾಗ ಸೀಲ್ ಒಡೆಯದ ಬಾಟಲಿ ನಿಮ್ಮೆದುರೇ ತೆರೆಯಲಿ. ಕಪಾಟಿನಲ್ಲಿ ಅರ್ಧ ಮಾಡಿಟ್ಟ ಬಾಟಲಿ ಕೊಡಗಿನ ಹವೆಗೆ ಅಷ್ಟರಲ್ಲೇ ತೇವ ಕುಡಿದಿರುತ್ತದೆ. ಕಾರಿನ ಕೈಪಿಡಿ ಒಪ್ಪಿದ್ದರೆ ಡಾಟ್ 4 ಹಾಕಿಸಿ. ಡಾಟ್ 3 ಇದ್ದ ಕಡೆ ಅದನ್ನು ಹಾಕಲು ಅಡ್ಡಿಯಿಲ್ಲದ ಗಾಡಿಗಳೇ ಹೆಚ್ಚು. ಡಾಟ್ 5 ಎಂಬುದು ಸಿಲಿಕೋನ್, ಹೆಸರಿನ ಸಂಖ್ಯೆ ದೊಡ್ಡದೆಂದು ಅದನ್ನು ಹಾಕಬಾರದು.

ಮನೆಯಲ್ಲೇ ಮಾಡಬಹುದೇ ಎಂದು ಕೇಳಿದ್ದೀರಿ. ಸ್ಪ್ಯಾನರ್ ಹಿಡಿದು ಅಭ್ಯಾಸವಿದ್ದವರು ಮುಂದಿನ ಪ್ಯಾಡ್ ಹಾಕಬಹುದು. ಡ್ರಮ್ಮಿನ ಸ್ಪ್ರಿಂಗುಗಳು, ಆಯಿಲ್ ಬದಲಾವಣೆ ಎರಡನ್ನೂ ಅನುಭವಸ್ಥರಿಗೆ ಬಿಡಿ. ಕಾಫಿ ಒಣಗಿಸುವ ಕಣ ಇದ್ದರೆ ಅದಕ್ಕಿಂತ ಒಳ್ಳೆಯ ಸಮತಟ್ಟು ಜಾಗ ಬೇರೆ ಬೇಡ. ಇಳಿಜಾರಿನ ಅಂಗಳದಲ್ಲಿ ಜಾಕಿ ಹಾಕುವ ಸಾಹಸ ಬೇಡ. ಬರೀ ಜಾಕಿಯ ಮೇಲೆ ಕಾರನ್ನು ನಿಲ್ಲಿಸಿ ಕೆಲಸ ಮಾಡಬಾರದು, ಕೆಳಗೆ ಸ್ಟ್ಯಾಂಡ್ ಕೊಡಬೇಕು. ಬಿಚ್ಚಿದ ಕ್ಯಾಲಿಪರ್ ರಬ್ಬರ್ ಹೋಸಿನಲ್ಲಿ ಜೋತಾಡದಂತೆ ತಂತಿಯಿಂದ ಕಟ್ಟಿ. ಹೊಸ ಡಿಸ್ಕಿಗೆ ಬಳಿದಿರುವ ಎಣ್ಣೆಯನ್ನು ಬ್ರೇಕ್ ಕ್ಲೀನರಿನಿಂದ ತೆಗೆಯಿರಿ. ಎಲ್ಲ ಮುಗಿದ ಮೇಲೆ ಕಾರು ಹೊರಡಿಸುವ ಮೊದಲು ಪೆಡಲನ್ನು ಗಟ್ಟಿಯಾಗುವ ತನಕ ಹಲವು ಸಲ ಒತ್ತಲೇಬೇಕು. ಪಿಸ್ಟನ್ ಹಿಂದಕ್ಕೆ ಹೋಗಿರುವುದರಿಂದ ಮೊದಲ ಸಲ ಒತ್ತಿದಾಗ ಬ್ರೇಕ್ ಹಿಡಿಯುವುದೇ ಇಲ್ಲ. ಇದನ್ನು ಮರೆತು ಷೆಡ್ಡಿನ ಗೋಡೆಗೆ ಗುದ್ದಿದವರನ್ನು ನಾನು ಬಲ್ಲೆ.

ಹೊಸ ಪ್ಯಾಡ್ ಹಾಕಿದ ದಿನವೇ ಘಾಟಿಗೆ ಹೋಗಬೇಡಿ. ಕುಶಾಲನಗರದ ಕಡೆಯ ಸಮತಟ್ಟು ರಸ್ತೆಯಲ್ಲಿ, ಹಿಂದೆ ಗಾಡಿ ಇಲ್ಲದಾಗ, ಐವತ್ತರ ವೇಗದಿಂದ ಹತ್ತಕ್ಕೆ ಎಂಟು ಹತ್ತು ಸಲ ಹದವಾಗಿ ತಗ್ಗಿಸಿ, ಪೂರ್ತಿ ನಿಲ್ಲಿಸದೆ, ನಡುನಡುವೆ ತಣಿಯಲು ಬಿಡುತ್ತಾ ಓಡಿಸಿ. ಪ್ಯಾಡು ಡಿಸ್ಕು ಒಂದಕ್ಕೊಂದು ಹೊಂದಿಕೊಳ್ಳುವುದು ಹೀಗೆ. ಆಮೇಲೆ ಇನ್ನೂರು ಮುನ್ನೂರು ಕಿಲೋಮೀಟರ್ ಮಾಮೂಲಿ ಓಡಾಟ ಮುಗಿಸಿ, ಚಕ್ರದ ನಟ್ಟುಗಳನ್ನೂ ಆಯಿಲ್ ಮಟ್ಟವನ್ನೂ ಇನ್ನೊಮ್ಮೆ ನೋಡಿ ಮಂಗಳೂರಿಗೆ ಹೊರಡಿ. ಬಿಚ್ಚಿದ ಹಳೆಯ ಪ್ಯಾಡ್‌ಗಳನ್ನು ಗ್ಯಾರೇಜಿನಲ್ಲೇ ಬಿಟ್ಟು ಬರಬೇಡಿ, ಎಡ ಬಲ ಗುರುತು ಹಾಕಿಸಿ ಕೇಳಿ ಪಡೆಯಿರಿ. ಒಳಗಿನದೂ ಹೊರಗಿನದೂ ಒಂದೇ ದಪ್ಪ ಇದ್ದರೆ ಕ್ಯಾಲಿಪರ್ ಸರಿಯಿದೆ. ಇಲ್ಲದಿದ್ದರೆ ಆ ಬದಿಯ ಪಿನ್ನನ್ನೂ ಪಿಸ್ಟನ್ನನ್ನೂ ಮತ್ತೆ ಬಿಚ್ಚಿ ನೋಡಲು ಅವರಿಗೇ ಹೇಳಿ.